ಉತ್ತರ ಬರೆಯದ ಚೀಟಿ

ಇಲ್ಲಮ್ಮ, ನಿನ್ನ ಮಗಳು ಇಲ್ಲಿಲ್ಲ. ಕ್ಲಾಸು ಬಿಟ್ಟ ಕೂಡ್ಲೇ ಟೈಲರಮ್ಮನ ಮಕ್ಕಳ ಜೊತೆ ಆಡೋಕೆ ಹೋದ್ಲು. ಬರೋದು ಮಧ್ಯಾಹ್ನ ಆಗುತ್ತೆ... ಇಲ್ಲಾ ಸಂಜೆ. ಬರ್ತೀನಿ ಅಂತ ಒಂದು ಮಾತು ಹೇಳಿದ್ರೆ ಇರಿಸ್ಕೋತಿದ್ದೆ. ಹೇಳಿದ್ಯಾ? ಹೌದು, ಹೇಳಿದ್ದೆ. ಗುರುವಾರ ಫೋನಲ್ಲಿ. ನಾನೇ ಮರ್ತೆ. ಕೂತ್ಕೋ. ಆ ಬೆಂಚು ಬೇಡ, ಅದು ಮಕ್ಕಳದ್ದು, ಮಂಡಿ ಗದ್ದಕ್ಕೆ ತಾಗುತ್ತೆ. ಈ ಕುರ್ಚಿ ತಗೋ. ಬೆಳಗಿನ ಬಸ್ಸಾ? ತಿಂಡಿ ಆಯ್ತಾ? ಸರಿ.

ಮೆಲ್ಲಗೆ ಮಾತಾಡೋಣ. ಪಕ್ಕದ ಕೋಣೇಲಿ ಚಿಕ್ಕ ಮಕ್ಕಳ ಕ್ಲಾಸು ಇನ್ನೂ ಬಿಟ್ಟಿಲ್ಲ.

ಬಂದದ್ದು ಬಂದೆ, ಈ ಚೀಟಿ ಮಡಚೋಕೆ ಒಂದು ಕೈ ಹಾಕು. ಯಾಕೆ ನಗ್ತೀಯ? ಅತ್ತೆ ಇನ್ನೂ ಕೆಲಸ ಹೇಳೋದು ಬಿಟ್ಟಿಲ್ಲ ಅಂತಾನಾ? ನಗು, ನಗು. ನೀನು ನಕ್ಕಿದ್ದು ನೋಡಿ ಒಂದು ವರ್ಷದ ಮೇಲಾಯ್ತು.

ಈ ಪ್ರಶ್ನೆ ಡಬ್ಬದ ಯೋಚನೆ ಪಾಸ್ಟ್ರದ್ದಲ್ಲ, ನಂದು. ಅಪ್ಪ ಅಮ್ಮಂದ್ರು ಭಾನುವಾರ ಮಕ್ಕಳನ್ನ ಗೇಟ್ ಹತ್ರ ಇಳಿಸಿ, ಗಾಡಿ ಕೂಡ ಆಫ್ ಮಾಡದೆ ಹೊರಟು ಹೋಗ್ತಿದ್ರು. ಬಟ್ಟೆ ಇಸ್ತ್ರಿಗೆ ಕೊಟ್ಟ ಹಾಗೆ. ಆಮೇಲೆ ಬಂದು ತಗೊಂಡು ಹೋಗೋದು. ಚರ್ಚಿನ ಸಭೆಯ ಮೀಟಿಂಗಲ್ಲಿ ನಾನೇ ಎದ್ದು ಹೇಳಿದೆ... ವಾರಕ್ಕೊಂದು ಗಂಟೆ ನಾವು ಹೇಳಿಕೊಟ್ಟು, ಮಿಕ್ಕ ಆರು ದಿನ ಮನೇಲಿ ದೇವರ ಸುದ್ದಿನೇ ಇಲ್ಲ ಅಂದ್ರೆ ಮಕ್ಕಳ ತಲೆಗೆ ಏನು ಹತ್ತುತ್ತೆ ಅಂತ. ಅದಕ್ಕೇ ಇದು. ಮಗು ತನಗೆ ಅನಿಸಿದ ಪ್ರಶ್ನೆ ಬರೆದು ಹಾಕುತ್ತೆ. ಹೆಸರು ಬರೆಯೋ ಹಾಗಿಲ್ಲ, ಮೂಲೇಲಿ ಒಂದು ಗುರುತು. ಮೀನು, ನಕ್ಷತ್ರ, ಛತ್ರಿ, ಅವರವರಿಗೆ ಇಷ್ಟವಾದ್ದು. ನಾನು ಹಿಂದುಗಡೆ ಉತ್ತರ ಬರೆದು ಮುಂದಿನ ವಾರ ಮೇಜಿನ ಮೇಲೆ ಹರಡ್ತೀನಿ. ತಮ್ಮ ತಮ್ಮ ಗುರುತು ನೋಡಿ ಎತ್ಕೊಂಡು ಹೋಗ್ತಾರೆ. ಊಟಕ್ಕೆ ಕೂತಾಗ ಮನೆಯವರೆಲ್ಲ ಸೇರಿ ಓದಬೇಕು. ಯಾರ ಗುರುತು ಯಾರದ್ದು, ನನಗೂ ಗೊತ್ತಿರಲ್ಲ. ಗೊತ್ತಿರಬಾರದು. ಇಲ್ಲಾಂದ್ರೆ ಮಕ್ಕಳು ನಿಜ ಬರೀತಾರಾ?

ಓದು, ಪರವಾಗಿಲ್ಲ. "ನೋಹ ನಾವೆಯಲ್ಲಿ ಸೊಳ್ಳೆನ ಯಾಕೆ ಹತ್ತಿಸಿಕೊಂಡ?" ಮೀನಿನ ಗುರುತಿನವನು, ಪ್ರತಿ ವಾರ ಇಂಥದ್ದೇ. "ಪ್ರಾರ್ಥನೆ ಮಾಡ್ತಾ ಅಪ್ಪ ನಿದ್ದೆ ಮಾಡಿದ್ರೆ ಅದು ದೇವರಿಗೆ ತಲುಪುತ್ತಾ?" ಅದು ಬ್ಯಾಂಕಿನ ವಾಚ್‌ಮನ್ ಮಗಳು. ಅವನು ಈಗ ಗಾಡಿ ಆಫ್ ಮಾಡಿ ಒಳಗೆ ಬರ್ತಾನೆ... ಹೂಂ, ಗೊತ್ತಿರಲ್ಲ ಅಂದೆ. ಒಂದೆರಡು ಗೊತ್ತಾಗಿಬಿಡುತ್ತೆ.

ಕ್ವಾರ್ಟರ್ಸ್ ಸಿಕ್ತಾ? ಎರಡು ಕೋಣೆನಾ. ಒಳ್ಳೇದಾಯ್ತು. ಶಾಲೆನೂ ಹತ್ರ... ಅವಳು ನಿನ್ನ ಜೊತೆ ಬರೋದು ಬೇಡ ಅಂತಿಲ್ಲ ನಾನು. ಹೆತ್ತವಳು ನೀನು. ಆದ್ರೆ ಯೋಚನೆ ಮಾಡು. ನರ್ಸ್ ಕೆಲಸ, ಭಾನುವಾರ ಡ್ಯೂಟಿ ಬೀಳುತ್ತೆ. ಅವಳನ್ನ ಸಂಡೇಸ್ಕೂಲಿಗೆ ಕರ್ಕೊಂಡು ಹೋಗೋರು ಯಾರು? ಇಲ್ಲಿ ಹತ್ತು ಆಜ್ಞೆನೂ ಬಾಯಿಪಾಠ ಹೇಳ್ತಾಳೆ, ತಡವರಿಸದೆ, ಎಂಟು ವರ್ಷಕ್ಕೆ. ಬೇರು ಬಿಡೋ ವಯಸ್ಸಲ್ಲಿ ಕಿತ್ತು ಬೇರೆ ಕಡೆ ನೆಡೋದು... ವಾರ್ಷಿಕೋತ್ಸವ ಒಂದು ಆಗಲಿ. ಆಮೇಲೆ ನೋಡೋಣ. ಆಮೇಲೆ.

ಅವಳೂ ನಿನ್ನನ್ನ ಅಷ್ಟೇನೂ ಕೇಳಲ್ಲ. ಬೇಜಾರು ಮಾಡ್ಕೋಬೇಡ, ಮಕ್ಕಳು ಮರೀತಾರೆ. ನೀನು ಫೋನ್ ಮಾಡಿದಾಗೆಲ್ಲ ಸ್ನಾನಕ್ಕೆ ಹೋಗಿರ್ತಾಳೆ, ಇಲ್ಲಾ ಮಲಗಿರ್ತಾಳೆ... ಅಮ್ಮ ಮಾಡಿದ್ಲು ಅಂತ ಹೇಳ್ತೀನಿ. ಹೇಳ್ತೀನಿ.

ಯಾವ ಶಬ್ದ? ಕುರ್ಚಿ ಎಳೆದದ್ದು. ಮಕ್ಕಳಲ್ವಾ.

ನಾನಾ? ಚೆನ್ನಾಗಿದ್ದೀನಿ. ನನ್ನ ಮಗ ಹೋದ ದಿನ ನಾನು ಅಳಲಿಲ್ಲ ಅಂತ ಸಭೆಯವರು ಮಾತಾಡ್ಕೊಂಡ್ರಂತೆ. ನೀನು ಅಷ್ಟು ಅಳ್ತಿದ್ದೆ, ನಾನು ಬಂದವರಿಗೆ ಕುರ್ಚಿ ಹಾಕ್ತಿದ್ದೆ. ಹೆತ್ತ ಕರುಳು ಇಷ್ಟು ಗಟ್ಟಿನಾ ಅಂದ್ರು ಕೆಲವರು. ವಿಶ್ವಾಸ ದೊಡ್ಡದು ಅಂದ್ರು ಇನ್ನು ಕೆಲವರು. ಎರಡೂ ಅಲ್ಲ. ಹಲ್ಲು ಕೀಳೋ ಮುಂಚೆ ಸೂಜಿ ಚುಚ್ತಾರಲ್ಲ, ನಿನಗೆ ಹೇಳಬೇಕಾ... ಕೆನ್ನೆ ಮುಟ್ಕೊಂಡ್ರೆ ಬೇರೆ ಯಾರದ್ದೋ ಕೆನ್ನೆ ಅನಿಸುತ್ತೆ. ಹಾಗೆ. ಇನ್ನೂ ಬಿಟ್ಟಿಲ್ಲ ಅದು. ಬೆಳಿಗ್ಗೆ ಅವಳಿಗೆ ಜಡೆ ಹಾಕುವಾಗ ಮಾತ್ರ ಈ ಬೆರಳು ನಂದು ಅನಿಸುತ್ತೆ. ಅಷ್ಟೇ.

ಆ ಚೀಟಿ ಕಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕು. ಅಲ್ಲಿ, ಬಿಸ್ಕತ್ತಿನ ಡಬ್ಬೀಲಿ. ಪಿನ್ನು ಚುಚ್ಚೀತು, ನೋಡ್ಕೊಂಡು.

ಏನು ಸಿಕ್ತು?

ಅದಾ? ಹಳೇ ಚೀಟಿ ಅದು. ಯಾರದ್ದೋ. ಗುರುತು... ಗುರುತು ಗೊತ್ತಿರಲ್ಲ ಅಂದೆನಲ್ಲ ಆಗ್ಲೇ. ಮೂರು ಚಕ್ರದ ಸೈಕಲ್ಲು ಯಾವ ಮಗು ಬೇಕಾದ್ರೂ ಬಿಡಿಸಬಹುದು.

ಹಾಗೆ ನೋಡಬೇಡ. ಬೈಯಿ.

ಹೌದು. ಅವಳಪ್ಪ ಹೇಳಿಕೊಟ್ಟದ್ದು. ಎರಡೇ ಚಕ್ರ ಇದ್ರೆ ಬಿದ್ದುಹೋಗುತ್ತೆ ಪುಟ್ಟಾ ಅಂತ ಮೂರನೇದು ಬಿಡಿಸಿ ತೋರಿಸ್ತಿದ್ದ. ಈಗ ಅದನ್ನ ಬಿಡಿಸೋಳು ಅವಳೊಬ್ಬಳೇ.

ಓದಬೇಕಾಗಿಲ್ಲ, ನನಗೆ ಬಾಯಿಗೆ ಬರುತ್ತೆ. "ಅಮ್ಮ ಫೋನ್ ಮಾಡಿದಾಗ ಅಜ್ಜಿ ನಾನು ಇಲ್ಲ ಅಂತಾರೆ. ನಾನು ಅಲ್ಲೇ ಇರ್ತೀನಿ. ಇದು ಸುಳ್ಳಾ?"

ತಿರುಗಿಸಿ ನೋಡ್ತಿದ್ದೀಯ. ಹಿಂದುಗಡೆ ಖಾಲಿ. ನಾಲ್ಕು ವಾರ ಆಯ್ತು. ಪ್ರತಿ ಭಾನುವಾರ ಮೇಜಿನ ಹತ್ರ ಬರ್ತಾಳೆ. ಎಲ್ಲರೂ ತಮ್ಮ ಚೀಟಿ ಎತ್ಕೊಂಡು ಹೋಗೋವರೆಗೂ ನಿಲ್ತಾಳೆ, ಖಾಲಿ ಮೇಜು ನೋಡಿ ಹೋಗ್ತಾಳೆ. ನನ್ನ ಕೇಳಲ್ಲ. ಮನೇಲಿ ಊಟಕ್ಕೆ ನಾವಿಬ್ರೇ. ಅವಳು ತನ್ನ ತಟ್ಟೆ ನೋಡ್ತಾಳೆ, ನಾನು ನನ್ನ ತಟ್ಟೆ ನೋಡ್ತೀನಿ. ಮೂವತ್ತು ವರ್ಷ ಪಾಠ ಹೇಳಿದ್ದೀನಿ, ಸೊಳ್ಳೆಗೂ ಉತ್ತರ ಬರೆದಿದ್ದೀನಿ... ಇದಕ್ಕೆ ಪೆನ್ನು ಏಳಲಿಲ್ಲ. ಹೌದು ಅಂತ ಬರೆದಿದ್ರೆ ಸಾಕಿತ್ತು. ಎರಡಕ್ಷರ.

ಹರಿದು ಹಾಕಬಹುದಿತ್ತು. ಹಾಕಲಿಲ್ಲ. ಈಗ ಆ ಡಬ್ಬಿ ತೋರಿಸಿದವಳೂ ನಾನೇ.

ಬಾಗಿಲ ಕಡೆ ಯಾಕೆ ನೋಡ್ತಿದ್ದೀಯ?

ಹೂಂ. ಗೊತ್ತಾಯ್ತು ನಿಂಗೆ.

ಚಿಕ್ಕ ಮಕ್ಕಳ ಕ್ಲಾಸು ಬಿಟ್ಟು ಒಂದು ಗಂಟೆ ಆಯ್ತು. ಟೈಲರಮ್ಮನ ಮಕ್ಕಳು ಇವತ್ತು ಬಂದೇ ಇಲ್ಲ. ಒಳಗಿರೋದು ಅವಳೊಬ್ಬಳೇ. ನೀನು ಗೇಟ್ ತೆಗೆಯೋದು ಕಿಟಕೀಲಿ ಕಂಡ ಕೂಡ್ಲೇ, ಕಾರ್ಡಿಗೆ ಬಣ್ಣ ಹಚ್ಚು, ಕರೆಯೋವರೆಗೂ ಏಳಬೇಡ ಅಂತ ಕೂರಿಸಿದೆ.

ಹೋಗು. ಆ ಬಾಗಿಲು ಹಿಡ್ಕೊಳ್ಳುತ್ತೆ, ಸ್ವಲ್ಪ ಮೇಲಕ್ಕೆತ್ತಿ ತಳ್ಳಬೇಕು. ಚೀಟಿ... ಚೀಟಿ ಇಲ್ಲಿಟ್ಟು ಹೋಗು. ನಿನ್ನ ಜೊತೆ ಹೊರಡುವಾಗ ಅವಳು ಅದನ್ನ ತಗೊಂಡು ಹೋಗಬೇಕು. ಪೆನ್ನು ಇಲ್ಲೇ ಎಲ್ಲೋ ಇಟ್ಟಿದ್ದೆ.