ಮಹಾದೇವಿಯ ಮೊದಲ ಪಾರ್ಸೆಲ್

ಮುಂಬಯಿಯ ಮಲಾಡ್ ಸ್ಟೇಷನ್ನಿನ ಹೊರಗೆ ಬಸ್ಸಿಗೆ ಕಾದು ಕಾದು ಅಣವೀರಪ್ಪನ ಪಿತ್ತ ನೆತ್ತಿಗೇರಿತ್ತು. ಅಷ್ಟರಲ್ಲಿ ಬೆನ್ನ ಹಿಂದೆ ವಿಜಯಪುರದ ಕಡೆಯ ಮಾತು ಕಿವಿಗೆ ಬಿತ್ತು. ಸೈಕಲ್ ಹಿಡಿದು ನಿಂತ ನಡುವಯಸ್ಸಿನ ಹೆಂಗಸನ್ನು ಕ್ಯೂನಲ್ಲಿದ್ದ ಹುಡುಗಿಯೊಬ್ಬಳು ವಿಚಾರಿಸುತ್ತಿದ್ದಳು.

"ಮಹಾದೇವಕ್ಕಾ, ಕೊರಿಯರ್ ಕೆಲಸ ಸಿಕ್ತೇನ?"

"ಈ ಪಾರ್ಸೆಲ್ ನಾಲ್ಕು ಗಂಟೆಯೊಳಗ ಹನ್ನೊಂದನೇ ಮಾಳಿಗಿಗೆ ಮುಟ್ಟಿಸಿದ್ರ ಕೊಡ್ತೀನಿ ಅಂದಾನ ಸಾಹೇಬ."

"ನಿನಗ ಫೋನಿನ್ಯಾಗ ಮ್ಯಾಪ್ ನೋಡಾಕ ಬರೂದಿಲ್ಲಲ್ಲ!"

"ಅವನೂ ಹಂಗ ಅಂದು ನಕ್ಕ. ಬಿಲ್ಡಿಂಗ್ ಹೆಸರು ಹೇಳ್ರಿ ಅಂದೆ. ಯಾವ ಗಲ್ಲಿ, ಯಾವ ಕಡೆ ಗೇಟು, ಎಲ್ಲಾ ಹೇಳಿದೆ. ಬಾಯಿ ತಕ್ಕೊಂಡು ಕುಂತ."

"ನಿನಗ ಹೆಂಗ ಗೊತ್ತ?"

"ಹುಚ್ಚಿ, ಇಪ್ಪತ್ತು ವರ್ಷ ಉಸುಕು ಹೊತ್ತಿದ್ದು ಎಲ್ಲಿ ಮತ್ತ? ಆ ಬಿಲ್ಡಿಂಗೆಲ್ಲ ನಾವ ಕಟ್ಟಿದ್ದು."

ಅಣವೀರಪ್ಪನಿಗೆ ಬಸ್ಸಿನ ಮೇಲಿದ್ದ ಸಿಟ್ಟು ಸಾಹೇಬನ ಮೇಲೆ ತಿರುಗಿತು. ಇಂಥವಳಿಗೆ ಪರೀಕ್ಷೆ ಬೇರೆ ಕೇಡು!

"ಹನ್ನೊಂದನೇ ಮಾಳಿಗಿಗೆ ಹೆಂಗ ಹತ್ತತಿ? ನಮ್ಮಂಥವ್ರನ್ನ ಲಿಫ್ಟಿನ್ಯಾಗ ಬಿಡೂದಿಲ್ಲಂತ."

"ಬಿಡಲಿಲ್ಲಂದ್ರ ಬ್ಯಾಡ. ನಾ ತಲಿ ಮ್ಯಾಲೆ ಬುಟ್ಟಿ ಹೊತ್ತು ಹತ್ತಿದಾಗ ಅಲ್ಲಿ ಲಿಫ್ಟೇ ಇದ್ದಿದ್ದಿಲ್ಲ."

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಅವಳು ಸೈಕಲ್ ಹತ್ತಿದಳು. ರಿಕ್ಷಾಗಳ ನಡುವೆ ಗಂಟೆ ಬಾರಿಸುತ್ತ ಹೊರಟೇ ಹೋದಳು.