ನವಿಲು ಸೀರೆ ಹಾರಿದ ಚಿಗರಿ

"ಹಲೋ... ಯಾರ್ರಿ ಅದು? ಈ ನಂಬರ್ ನನ್ನ ಹಂತ್ಯಾಕ ಇಲ್ಲ. ಯಾರು ಮಾತಾಡ್ಲಿಕತ್ತೀರಿ?..."

ಸಂತಪುರದ ಬಸ್ ನಿಲ್ದಾಣದ ಕಟ್ಟೆಯಿಂದ ಪ್ರಣಾಲಿ ಎದ್ದು ನಿಂತಳು. ಔರಾದ ಕಡೆಯಿಂದ ಬೀದರಕ್ಕೆ ಹೋಗುವ ಬಸ್ಸಿನ ಸುಳಿವು ಇನ್ನೂ ಇರಲಿಲ್ಲ. ಅವಳ ಎಡಗೈ ಮುಷ್ಟಿಯಲ್ಲಿ ಕರವಸ್ತ್ರ, ಕರವಸ್ತ್ರದ ಗಂಟಿನಲ್ಲಿ ಕ್ಯಾಮೆರಾದ ಕಾರ್ಡು.

"ಓಹೋ, ವೀರಭದ್ರಣ್ಣಾ! ಮುಂಜಾನಿಂದ ನಿಮ್ಮ ಫೋನ್ ಎತ್ತಲಿಲ್ಲಂತ ಮಂದಿ ಫೋನಿಂದ ಹಚ್ಚೀರೇನ್ರಿ? ಯಾರದಿದು?... ಅಮಿತಕುಮಾರ ಸರ್‌ದಾ? ಇವತ್ತು ಸಂಜಿಕ ಬೀದರದಾಗ ಫೋಟೊ ಪ್ರದರ್ಶನ ಇಟ್ಟವರದು? ಛಲೋ ಆತು. ಅವರು ಅಲ್ಲೇ ಬಾಜೂಕ ಅದಾರ, ಅಲ್ವಾ?..."

"ಹಾಂ, ಕಾರ್ಡ್ ನನ್ನ ಕಡಿನೇ ಅದ. ಅಸಲಿ ಫೋಟೊ ಇಲ್ಲದ ದೊಡ್ಡದು ಮಾಡಿ ಗ್ವಾಡಿಗೆ ಹಚ್ಚಂಗಿಲ್ಲ ಅಂತಾರ, ಅಲ್ವಾ? ಅದು ನಿಮ್ಮ ಹಂತ್ಯಾಕ ಹ್ಯಾಂಗ ಇರ್ತದ್ರಿ? ನಾ ಖುಷಿಲೆ ವಾಟ್ಸಾಪಿಗೆ ಕಳಿಸಿದ್ದು ಸಣ್ಣ ಕಾಪಿ. ನೋಡಿ ‘ಶಾಬಾಸ್’ ಅಂದ್ರಿ. ಅಂದು, ಅದನ್ನೇ ನಿಮ್ಮ ಹೆಸರಿಲೆ ಪ್ರದರ್ಶನಕ್ಕ ಕೊಟ್ರಿ. ನನಗ ಗೊತ್ತಾಗಿದ್ದು ನಿನ್ನಿ, ಆಮಂತ್ರಣ ಪತ್ರಿಕಾದಾಗ ನೋಡಿ..."

ವೀರಭದ್ರನದು ಭಾಲ್ಕಿಯಲ್ಲಿ ಫೋಟೊ ಸ್ಟುಡಿಯೊ. ನಾಲ್ಕು ವರ್ಷಗಳಿಂದ ಪ್ರಣಾಲಿ ಅವನ ಮಿರರ್‌ಲೆಸ್ ಕ್ಯಾಮೆರಾ ಹಿಡಿದು ಸುತ್ತಿನ ಊರುಗಳ ಮದುವೆ ತೆಗೆಯುತ್ತಿದ್ದಳು. ಧನುರ್ಮಾಸ ಹಿಡಿಯುವ ಮುಂಚಿನ ಕೊನೆಯ ಮದುವೆ ಮುಗಿದಾಗ, ಅವನನ್ನು ಕೇಳಿಯೇ, ತನ್ನ ಕಾರ್ಡು ಹಾಕಿ ಎರಡು ದಿನ ಅದನ್ನು ಊರಿಗೆ ತಂದಿದ್ದಳು. ಆಮೇಲೆ ಕಾರ್ಡು ತೆಗೆದಿಟ್ಟುಕೊಂಡು ಕ್ಯಾಮೆರಾ ಹಿಂದಿರುಗಿಸಿದ್ದಳು.

"ಕ್ಯಾಮೆರಾ ನಿಮ್ದು, ಖರೇ. ಯಾರು ಇಲ್ಲಂದ್ರು?..."

"ಏನಂದ್ರಿ?... ಮತ್ತೊಮ್ಮೆ ಹೇಳ್ರಿ... ಕ್ಯಾಮೆರಾನೇ ಎಲ್ಲಾ ಮಾಡ್ತದ? ಪ್ರಾಣಿ ಕಣ್ಣು ತಾನೇ ಹುಡುಕ್ತದ, ತಾನೇ ಫೋಕಸ್ ಹಿಡೀತದ, ನಾ ಬರೇ ಬಟನ್ ಒತ್ತೀನಿ?... ಹಂಗಾದ್ರ ಅದನ್ನ ನಮ್ಮ ಬದುವಿನ ಮ್ಯಾಲ ಇಟ್ಟು ನೀವು ಮನಿಗೆ ಹೋಗಿ ಆರಾಮ ಮಲಕೊಳ್ರಿ. ಮುಂಜಾನಿ ಚಿಗರಿ ಫೋಟೊ ಹೊಟ್ಟ್ಯಾಗ ಹಾಕ್ಕೊಂಡು, ತಾನೇ ಬಸ್ ಹತ್ತಿ ಭಾಲ್ಕಿಗೆ ಬರ್ತದ!"

ಕಟ್ಟೆಯ ಮೇಲೆ ಬಳೆ ಬುಟ್ಟಿಯೊಂದಿಗೆ ಕುಳಿತಿದ್ದ ಅನ್ವರಿ ಬೇಗಂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು.

"ಫಾರ್ಮಿನಾಗ?... ಫಾರ್ಮಿನಾಗ ಏನ್ ಬರ್ದೀರಿ?... ‘ಪ್ರಾಣಿ ಕಣ್ಣು ಹಿಡಿಯೋ ಆಟೋಫೋಕಸ್‌ಲೆ ತೆಗೆದದ್ದು’ ಅಂತ? ನಿಮ್ಮ ಕೈಲೆ? ಕೆಳಗ ಸಹೀನೂ ಮಾಡೀರಿ?... ಅಯ್ಯ ಅಣ್ಣಾ!..."

ಪ್ರಣಾಲಿ ಒಂದು ಗಳಿಗೆ ಫೋನನ್ನು ಕಿವಿಯಿಂದ ದೂರ ಹಿಡಿದಳು. ಮುಷ್ಟಿಯೊಳಗಿನ ಕಾರ್ಡು ಈಗ ಮೊದಲಿಗಿಂತ ತೂಕದ್ದೆನಿಸಿತು.

"ಕೇಳ್ರಿ ಈಗ. ಮೊದಲ ದಿನ ನಾನೂ ಅದನ್ನೇ ನಂಬಿದ್ದೆ. ತೊಗರಿಗೆ ಚಿಗರಿ, ಹಂದಿ ಬೀಳಬಾರದಂತ ಅವ್ವ ಹೊಲದ ಸುತ್ತಾ ಹಳಿ ಸೀರಿ ಕಟ್ಯಾಳ. ಒಂದು ಸೀರಿ ತುಂಬ ಇಷ್ಟಿಷ್ಟು ದೊಡ್ಡ ನವಿಲು. ಗಾಳಿ ಬಿಟ್ಟಿತು, ಸೀರಿ ಅಲ್ಲಾಡಿತು. ನಿಮ್ಮ ಶಾಣ್ಯಾ ಕ್ಯಾಮೆರಾ ಏನ್ ಮಾಡ್ತು ಗೊತ್ತದೇನ್ರಿ? ಫೋಕಸ್ ಚೌಕ ಒಯ್ದು ನವಿಲಿನ ಕಣ್ಣಿಗೆ ಕೂಡ್ಸಿತು! ನಾ ತಿರುಗಿಸ್ತೇನಿ, ಅದು ಮತ್ತ ನವಿಲಿಗೇ ಹೋಗ್ತದ. ನಲವತ್ತು ಫೋಟೊ ತೆಗೆದೆ. ನಲವತ್ತರಾಗೂ ಸೀರಿ ನವಿಲು ಕನ್ನಡಿ ಹಂಗ, ಚಿಗರಿ ಹೊಗಿ ಹಂಗ... ಅವೂ ಇದೇ ಕಾರ್ಡಿನಾಗ ಅವ. ಬೇಕಾದ್ರ ಅವನ್ನ ನಿಮ್ಮ ಹೆಸರಿಲೆ ಹಚ್ಕೊಳ್ರಿ!..."

"ಮರುದಿನ ಬಂದ್ ಮಾಡ್ದೆ... ಬಂದ್ ರೀ, ಬಂದ್. ಕಣ್ಣು ಹುಡುಕೋದೂ ಬಂದ್, ಆಟೋಫೋಕಸೂ ಬಂದ್. ಕೈಲೆ ತಿರುವಿ ಬದುವಿನ ಕಲ್ಲಿಗೆ ಫೋಕಸ್ ಇಟ್ಟು ಕುಂತೆ... ಆ ಕಲ್ಲಿಗೇ ಯಾಕ? ಅದನ್ನ ನಿಮ್ಮ ಕ್ಯಾಮೆರಾ ಹೇಳಂಗಿಲ್ಲ. ನಮ್ಮವ್ವ ಹೇಳ್ತಾಳ."

ಅವ್ವ ಗಿರಿಜಾಬಾಯಿ ಸೀರೆಗಳನ್ನು ಸುತ್ತಲೂ ಎದೆಮಟ್ಟ ಬಿಗಿದು ಕಟ್ಟಿ, ಆ ಕಲ್ಲಿನ ಬಳಿ ಒಂದನ್ನು ಮಾತ್ರ ಜೋಲು ಬಿಡುತ್ತಿದ್ದಳು; ಈ ಸಲ ಅದು ನವಿಲಿನ ಸೀರೆ. ಹೇಗೂ ಹಾಯುವ ಪ್ರಾಣಿ. ಒಂದು ದಾರಿ ಕೊಟ್ಟರೆ ಅದೇ ದಾರಿಯಲ್ಲಿ ಹಾಯ್ದು ಹೋಗುತ್ತದೆ, ಉಳಿದ ತೊಗರಿ ತುಳಿಯುವುದಿಲ್ಲ ಎಂಬುದು ಅವಳ ಲೆಕ್ಕ. ಕೃಷ್ಣಮೃಗಗಳ ಹಿಂಡು ಆ ಲೆಕ್ಕವನ್ನು ಒಪ್ಪಿಕೊಂಡು ಎಷ್ಟೋ ವರ್ಷವಾಗಿತ್ತು. ಬೆಳಕು ಹರಿದು ಮಾರುದ್ದ ಬಿಸಿಲೇರಿದಾಗ ಹೆಣ್ಣುಗಳು ಒಂದೊಂದಾಗಿ ಜಿಗಿಯುತ್ತವೆ. ಸುರುಳಿ ಕೊಂಬಿನ ಕರಿಯ ಗಂಡು ಎಲ್ಲವನ್ನೂ ದಾಟಿಸಿ, ಕಟ್ಟಕಡೆಗೆ ಬರುತ್ತದೆ.

"ಅದಕ್ಕೇ ಮೊದಲಿನ ಹನ್ನೊಂದು ಹಾರಿದ್ರೂ ನಾ ಬೆರಳ ಅಲ್ಲಾಡಿಸಲಿಲ್ಲ. ಹನ್ನೆರಡನೇದು ಅದು. ಕಲ್ಲಿನ ಮ್ಯಾಲ ಬಂದಾಗ ಒತ್ತಿದೆ... ಹಾಂ, ಅದೇ. ಕಣ್ಣಾಗ ಸೂರ್ಯ ಕಾಣೋದು."

"ಈಗ ಫೋನ್ ಅಮಿತಕುಮಾರ ಸರ್‌ಗೆ ಕೊಡ್ರಿ... ಯಾಕ ಕೊಡಂಗಿಲ್ಲ? ಅವರ ಫೋನ್ ಅವರಿಗೆ ಕೊಡ್ಲಿಕ್ಕೆ ನಿಮ್ದೇನ್ ಹೋಗ್ತದ?... ನೀವ್ ಕೊಡಾತನ ಇಲ್ಲಿಂದ ಕಾರ್ಡ್ ಅಲ್ಲಾಡಂಗಿಲ್ಲ ನೋಡ್ರಿ... ಹಾಂ..."

"ನಮಸ್ಕಾರ್ರಿ ಸರ್. ನಾ ಸಂತಪುರದ ಪ್ರಣಾಲಿ. ಕೇಳಿಸ್ಕೊಂಡ್ರಿ?... ಅಷ್ಟೂ ಕೇಳ್ತಾ? ಹಾಂ, ನನ್ನ ದನಿ ಜರಾ ದೊಡ್ಡದು ರೀ. ಕಾರ್ಡ್ ತಗೊಂಡು ಬರ್ಲಿಕತ್ತೇನಿ. ಫೋಕಸ್ ಹ್ಯಾಂಗಿತ್ತಂತ ಫೋಟೊದ ಒಳಗೇ ದಾಖಲೆ ಇರ್ತದ, ಅಲ್ವಾ ಸರ್? ಕಂಪ್ಯೂಟರಿಗೆ ಹಾಕಿ ನೀವೇ ನೋಡ್ರಿ. ಕಣ್ಣು ಹುಡುಕಿ ತೆಗೆದದ್ದಂತ ಇದ್ರ ಅವರ್ದು. ಕೈಲೆ ಅಂತ ಇದ್ರ ನಂದು..."

"ಇಲ್ರಿ ಸರ್, ಎರಡು ಹೆಸರು ಬ್ಯಾಡ... ಕ್ಯಾಮೆರಾ ಕೊಟ್ಟವರು ಅಂತ ಅವರ ಹೆಸರು ಕೆಳಗ ಬರೀರಿ, ಅದು ಖರೇ ಮಾತು. ತೆಗೆದವರು ಅಂತ ನಂದೊಂದೇ. ಇಲ್ಲಾಂದ್ರ ಆ ಗ್ವಾಡಿ ಖಾಲಿ ಬಿಡ್ರಿ. ಸಂಜಿಕ ಬಂದವರು ಯಾಕ ಖಾಲಿ ಅಂತ ಕೇಳಿದ್ರ, ಮುಂದ ನಿಂತು ನಾ ಹೇಳ್ತೇನಿ..."

"ಕಾರ್ಡ್ ನೋಡೇ ಹಚ್ಚರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಹೆಸರಿನ ಚೀಟಿ ಈಗೇ ಬರೀರಿ. ಪ್ರಣಾಲಿ... ತಂದಿ ಹೆಸರು ಪಂಢರಿ... ಸಂತಪುರ, ಔರಾದ ತಾಲೂಕ... ಬರ್ದ್ರಿ? ಒಮ್ಮೆ ಓದ್ರಿ ಸರ್. ಗಟ್ಟಿ ಓದ್ರಿ, ಬಾಜೂದವರಿಗೂ ಕೇಳ್ಲಿ... ಹಾಂ. ಅಷ್ಟೇ ಸರ್."

ದೂರದ ತಿರುವಿನಲ್ಲಿ ಧೂಳೆದ್ದಿತು. ಅನ್ವರಿ ಬೇಗಂ ಬುಟ್ಟಿಯನ್ನು ಸೊಂಟಕ್ಕೇರಿಸಿದಳು. ಫೋನು ಮತ್ತೆ ವೀರಭದ್ರನ ಕೈಗೆ ಹೋಗಿತ್ತು. ಅವನ ಉಸಿರು ಪ್ರಣಾಲಿಗೆ ಮೊದಲು ಕೇಳಿಸಿತು, ಮಾತು ಆಮೇಲೆ.

"ಐತವಾರದ ಮದುವಿಗೆ ಬರಬ್ಯಾಡಾ?... ಮುಂದನೂ ಬರಬ್ಯಾಡಾ?... ಆತ್ರಿ. ಬರಂಗಿಲ್ಲ..."

ನಾಲ್ಕು ವರ್ಷದ ಕೆಲಸ. ಪ್ರಣಾಲಿ ಕರವಸ್ತ್ರದ ಗಂಟನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

"ಆದ್ರ ನಾಲ್ಕು ವರ್ಷ ನಿಮ್ಮ ಉಪ್ಪು ತಿಂದೀನಿ, ಒಂದು ಮಾತು ಹೇಳೇ ಇಡ್ತೇನಿ ಅಣ್ಣಾ. ಕ್ಯಾಮೆರಾ ತೋರಸ್ಲಿಕ್ಕೆ ಕೊಳ್ಳಾಗ ಹಾಕ್ಕೊಂಡೇ ಬಂದಿರಬೇಕಲ್ವಾ?... ಹಾಂ. ಧನುರ್ಮಾಸ ಪೂರಾ ಅದು ಪೆಟಿಗ್ಯಾಗೇ ಇತ್ತು. ನಾ ಬಂದ್ ಮಾಡಿದ್ದು ಇನ್ನೂ ಬಂದೇ ಅದ. ಐತವಾರ ಅಕ್ಷತಾ ಬೀಳೋದರಾಗ ಚಾಲೂ ಮಾಡ್ಕೊಳ್ರಿ, ಇಲ್ಲಾಂದ್ರ ಮದುಮಗಳ ಮಾರಿನೂ ಹೊಗಿ ಆಗ್ತದ..."

"ಎಲ್ಲಿ ಚಾಲೂ ಮಾಡೋದು ಗೊತ್ತದ, ಅಲ್ವಾ?... ಹೇಳ್ರಿ ಅಣ್ಣಾ, ಗೊತ್ತದ ಅಲ್ವಾ?... ಬಟನ್ ಟಕ್ ಟಕ್ ಅನ್ಲಿಕತ್ತಾವಲ್ಲ, ಹುಡುಕ್ಲಿಕತ್ತೀರೇನ್ರಿ? ಅಮಿತಕುಮಾರ ಸರ್ ಬಾಜೂಕೇ ನಿಂತಾರ, ಅವರ ಮುಂದನೇ ಒಮ್ಮೆ ಮಾಡಿ ತೋರಸ್ರಿ... ಹಲೋ?... ಅಣ್ಣಾ?... ಹಲೋ..."