ಗೋಡೆಗೆ ಹೋದ ಅಕ್ಕಿ

...ಅದೇ ಹೇಳ್ತಿದ್ದೆ, ಇವತ್ತು ಬೆಳಿಗ್ಗೆ ನಮ್ಮ ಅಡುಗೆಮನೆ ಗೋಡೆ ಕುಸಿದು ಸಾರಿನ ಪಾತ್ರೆಗೆ ಬಿತ್ತು. ಪ್ರಾಣಹಾನಿ ಆಗಿಲ್ಲ. ಗೋಡೆ ಅಂದ್ರೆ ಪೂರ್ತಿ ಗೋಡೆ ಅಲ್ಲ, ನಮ್ಮ ಮೊಮ್ಮಗಳು ಕಾವ್ಯ ಅಂಟಿಸಿದ್ಲಲ್ಲ, ಇಟ್ಟಿಗೆ ಚಿತ್ರದ ಸ್ಟಿಕ್ಕರು, ಅದು. ಒಲೆ ಹಿಂದೆ ಬ್ಯಾಡ ಕಣವ್ವ, ಹಬೆಗೆ ಬಿಟ್ಕೊಳ್ತತೆ ಅಂದೆ. "ಅಜ್ಜಿ, ನಿಂಗೆ ಗೊತ್ತಾಗಲ್ಲ ಸುಮ್ನಿರು, ಫೋನ್‌ನಾಗೆ ತೋರಿಸ್ಯಾರೆ, ಕಡಿಮೆ ಖರ್ಚಲ್ಲಿ ಮನೆ ಅರಮನೆ" ಅಂದ್ಲು. ಸರಿ, ಅರಮನೆ ಹೆಸರುಕಾಳಿನ ಸಾರಿನಾಗೆ ಬೆಂದೈತೆ, ಬೇಕಾದೋರು ಬಡಿಸ್ಕೊಳ್ರಿ. ನಗಬ್ಯಾಡ್ರಿ. ಇಟ್ಟಿಗೆ ಗೋಡೆ ಕಾಣಬಾರದು ಅಂತ ನನ್ನ ಮಗ, ನಿಮ್ಮಪ್ಪ, ಸಿಮೆಂಟ್ ಮೆತ್ತಿಸಿದ, ಬಣ್ಣ ಬಳಿಸಿದ. ಈಗ ಅದರ ಮ್ಯಾಲೆ ಇಟ್ಟಿಗೆ ಚಿತ್ರ! ನಂಗೆ ಸಾಕಾಗೈತಪ್ಪ.

ಹಂಗಂತ ನಾನೇನು ದೊಡ್ಡ ಜಾಣೆ ಅಲ್ಲ ಬಿಡ್ರಿ. ನಾನೂ ಒಂದ್ಸಲ ಗೋಡೆ ಚಂದ ಮಾಡಾಕೆ ಹೋಗಿದ್ದೆ. ನನ್ನ ತವರು ಹೊನ್ನಾಳಿ ಕಡೆ, ಹೊಳೆ ದಂಡೆ, ಭತ್ತದ ಸೀಮೆ. ಕೊಟ್ಟಿದ್ದು ಇಲ್ಲಿಗೆ, ಜಗಳೂರು ಸೀಮೆಗೆ. ಆಗ ಇಲ್ಲಿ ಮೂರು ಹೊತ್ತೂ ಜೋಳ. ಅನ್ನ ಬೇಕಂದ್ರೆ ಹಬ್ಬ ಬರಬೇಕು, ಇಲ್ಲ ಜ್ವರ ಬರಬೇಕು. ಮದುವೆಯಾದ ಹೊಸದ್ರಾಗೆ ನಾನು ಮೂರು ಸಲ ಜ್ವರ ಬರಿಸ್ಕೊಂಡೆ. ಮೂರಲ್ಲ, ಎರಡು. ಒಂದು ನಿಜವಾಗ್ಲೂ ಬಂದಿತ್ತು. ಏನು ಹೇಳ್ತಿದ್ದೆ? ಹಾಂ, ನನ್ನ ನಾದಿನಿ ರತ್ನ. ಅವಳಿಗೆ ಗಂಡು ನೋಡ್ತಿದ್ರು. ಹಿಂದಿನ ಸಲ ಬಂದಿದ್ದೋರು ಪಡಸಾಲೆ ಗೋಡೆಗೆ ಒರಗಿ ಕೂತು, ಎದ್ದಾಗ ಕೋಟಿನ ಬೆನ್ನೆಲ್ಲ ಸುಣ್ಣ. ಸಂಬಂಧ ಮುರಿದಿದ್ದು ಅದಕ್ಕೇ ಅಂತ ನಮ್ಮತ್ತೆ ಲೆಕ್ಕ. ಹುಡುಗ ಇನ್ನೊಬ್ಬಳನ್ನ ಒಪ್ಪಿಕೊಂಡಿದ್ದ ಅಂತ ಊರಿಗೆಲ್ಲ ಗೊತ್ತಿತ್ತು, ಆದ್ರೂ ಅತ್ತೆ ತಪ್ಪು ಹೊರಿಸಿದ್ದು ಗೋಡೆ ಮ್ಯಾಲೆ.

ಈ ಸಲ ಚನ್ನಗಿರಿ ಕಡೆಯೋರು ಬರ್ತಾರೆ ಅಂತ ಆಯ್ತು. ಅತ್ತೆ ಎಲ್ಲಿಂದಲೋ ಎರಡು ಸೇರು ಅಕ್ಕಿ ಹೊಂದಿಸಿ, ಮಡಕೇಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿದ್ರು. ಸಂತೆಗೆ ಹೋಗೋವಾಗ ನಂಗೆ ಹೇಳಿದ್ರು, "ನೋಡೇ, ಪಡಸಾಲೆಗೆ ಸುಣ್ಣ ಬಳಿ. ಯಾರ ಬೆನ್ನಿಗೂ ಹತ್ತಬಾರದು. ಹತ್ತಿತೋ, ಈ ಹುಡುಗಿ ಮನೇಲೇ ಉಳೀತಾಳೆ." ಬೆನ್ನಿಗೆ ಹತ್ತಬಾರದು ಅಂದ್ರೆ ಸುಣ್ಣಕ್ಕೆ ಅಕ್ಕಿ ಗಂಜಿ ಹಾಕಬೇಕು. ನಮ್ಮ ತವರಾಗೆ ಹಂಗೇ ಮಾಡೋದು. ಅಲ್ಲಿ ದಿನಾ ಗಂಜಿ ಬಸೀತೀವಿ, ಇಲ್ಲಿ ಗಂಜಿ ಎಲ್ಲಿಂದ ಬರಬೇಕು? ಒಂದು ಹಿಡಿ ಅಕ್ಕಿ ತಗೊಂಡೆ, ಕರಗೋ ಹಂಗೆ ಬೇಯಿಸಿದೆ, ಸೋಸಿ ಸುಣ್ಣಕ್ಕೆ ಹಾಕಿದೆ, ಬಳಿದೆ. ಒಣಗಿದ ಮ್ಯಾಲೆ ಕೈಯಿಟ್ಟು ನೋಡಿದೆ, ಹತ್ತಿತು. ಇನ್ನೊಂದು ಹಿಡಿ. ಸ್ವಲ್ಪ ಕಡಿಮೆ ಹತ್ತಿತು. ಇನ್ನೊಂದು. ಮಣ್ಣಿನ ಗೋಡೆ ನೋಡ್ರಿ, ಕುಡೀತಾನೇ ಇತ್ತು. ಒಂದು ಗೋಡೆ ಹಿಡಿದ ಮ್ಯಾಲೆ ಉಳಿದ ಮೂರನ್ನ ಬಿಡಾಕೆ ಆಗುತ್ತಾ? ಕೆಮ್ಮಣ್ಣಲ್ಲಿ ಅಂಚು ಬರೆದೆ, ನನ್ನ ಹಳೇ ಸೀರೆ ಸೆರಗು ಹರಿದು ಬಾಗಿಲಿಗೆ ಪರದೆ ಕಟ್ಟಿದೆ. ಅರಮನೆ ಅಂದ್ರೆ ಅದು ಅರಮನೆ!

ಅತ್ತೆ ಬಂದ್ರು. ಗೋಡೆ ಸವರಿದ್ರು, ಕೈ ನೋಡ್ಕೊಂಡ್ರು. "ಪರವಾಗಿಲ್ಲ ಕಣೇ ನೀನು" ಅಂದ್ರು. ಮದುವೆಯಾಗಿ ಎರಡು ವರ್ಷಕ್ಕೆ ಬಂದ ಮೊದಲ ಹೊಗಳಿಕೆ. ಆಮೇಲೆ ಅಡುಗೆಮನೆಗೆ ಹೋದ್ರು. ಮಡಕೆ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದ್ರು.

"ಅಕ್ಕಿ ಎಲ್ಲೇ?"

"ಗೋಡೆ ಮ್ಯಾಲೈತೆ ಅತ್ತೆ."

ಅವರು ಅಂದಿದ್ದನ್ನ ನಿಮ್ಮೆದುರಿಗೆ ಹೇಳಾಕಾಗಲ್ಲ, ಸಣ್ಣೋರು ಇದೀರಿ. ನೆರೆಮನೇಲಿ ಕೇಳಾನ ಅಂದೆ. "ಕೇಳು, ಹೆಣ್ಣು ನೋಡಾಕೆ ಬರೋರಿಗೆ ನಮ್ಮನೇಲಿ ಅನ್ನ ಇಲ್ಲ ಅಂತ ಡಂಗುರ ಹೊಡಿ" ಅಂದ್ರು. ಕೊನೆಗೆ ಜೋಳ ಒಡೆದು ನುಚ್ಚು ಮಾಡಿದ್ವಿ, ಹುರುಳಿಕಾಳು ಬೇಯಿಸಿ ಸಾರು ಮಾಡಿದ್ವಿ. ಬೆಳ್ಳುಳ್ಳಿ ಒಗ್ಗರಣೆ ಘಮ್ ಅಂತಿತ್ತು, ಅದನ್ನ ಮಾತ್ರ ಅಲ್ಲಗಳೆಯಂಗಿಲ್ಲ.

ಮಾರನೆ ದಿನ ಅವರು ಬಂದ್ರು. ಹುಡುಗನ ದೊಡ್ಡಪ್ಪ, ಬಿಳಿ ಜುಬ್ಬದೋರು, ಗೋಡೆಗೆ ಚೆನ್ನಾಗಿ ಒರಗಿ ಕೂತ್ರು. ರತ್ನನ್ನ ನೋಡಿದ್ರು, ಒಪ್ಪಿದ್ರು. ಹುಡುಗನಿಗೆ ಒಂದು ವಾಚು, ಅಷ್ಟೇ ಸಾಕು ಅಂದ್ರು. ನಮ್ಮತ್ತೆ ಕಣ್ಣಾಗೆ ನೀರು. ಊಟಕ್ಕೆ ಏಳೋವಾಗ ದೊಡ್ಡಪ್ಪ ಬೆನ್ನು ತಡವಿ, "ಏನ್ರೀ ಇದು, ಸುಣ್ಣ ಹತ್ತೇ ಇಲ್ಲ! ಏನು ಹಾಕೀರಿ?" ಅಂದ್ರು. ನಮ್ಮ ಮಾವನಿಗೆ ಸುಳ್ಳು ಹೇಳಾಕೆ ಬರ್ತಿರಲಿಲ್ಲ, ಸುಮ್ನಿರಾಕೂ ಬರ್ತಿರಲಿಲ್ಲ. "ಅಕ್ಕಿ ಬೇಯಿಸಿ ಹಾಕೀವ್ರೀ."

"ಎಲ್ಲಾ ಗೋಡೆಗಾ?"

"ನಾಲ್ಕಕ್ಕೂ ರೀ."

ಅವರು ಮತ್ತೆ ಕೂತ್ರು. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. "ಈ ಸೀಮ್ಯಾಗೆ ಗೋಡೆಗೆ ಅನ್ನ ಹಾಕೋ ಮನೆ ಅಂದ್ರೆ... ಗೌಡ್ರೇ, ಬರೀ ವಾಚು ಅಂದ್ರೆ ನಿಮಗೇ ಅವಮಾನ. ಒಂದು ಸೈಕಲ್ಲು, ಒಂದು ರೇಡಿಯೋ ಮಾಡಿಬಿಡ್ರಿ." ಮಾವ ಇಲ್ಲ ಅಂದಷ್ಟೂ ಅವರು ನಗೋರು. "ಮುಚ್ಚಿಡಬ್ಯಾಡ್ರಿ, ಗೋಡೆ ಹೇಳ್ತೈತಲ್ಲ!" ಅಂತ.

ಆಗ ರತ್ನ ಒಳಗಿಂದ ಬಂದ್ಲು. ಖಾಲಿ ಮಡಕೆ ತಂದು ದೊಡ್ಡಪ್ಪನ ಮುಂದೆ ಬೋರಲು ಹಾಕಿದ್ಲು. "ನೋಡ್ರಿ, ಮನೇಲಿದ್ದ ಅಕ್ಕಿ ಇಷ್ಟೇ, ಅದು ಗೋಡೆಗೆ ಹೋಗೈತೆ. ಒಳಗೆ ನುಚ್ಚೈತೆ, ಉಣ್ಣೋದಾದ್ರೆ ಏಳ್ರಿ. ಸೈಕಲ್ಲೇ ಬೇಕಂದ್ರೆ ಗೋಡೆ ಕೆರ್ಕೊಂಡು ಹೋಗ್ರಿ."

ಅವರು ಉಣ್ಣಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋದ್ರು. ಅತ್ತೆ ರತ್ನಂಗೆ ಒಂದು ಮಾತೂ ಅನ್ನಲಿಲ್ಲ, ನಂಗೆ ದೀಪಾವಳಿ ತನಕ ಅಂದ್ರು. ಅದಕ್ಕೇ ಹೇಳೋದು, ಮೊದಲು ಒಲೆ ಮ್ಯಾಲೆ ಏನೈತೆ ನೋಡ್ರಿ, ಆಮೇಲೆ ಗೋಡೆ ನೋಡ್ರಿ. ರತ್ನನ್ನ ಮುಂದಿನ ವರ್ಷ ನ್ಯಾಮತಿ ಹತ್ರ ಕೊಟ್ವಿ. ಆ ನುಚ್ಚನ್ನ ನಾವೇ ಎರಡು ದಿನ ಉಂಡ್ವಿ.